ನೆಲ ಹೋದರೂ ನಾಡು ಇರುತ್ತದೆ ಎಂದು ಬರೆದಿಟ್ಟವರು

ಪ್ರೀತಿಯ ಸುರೇಶ,

ನಿನ್ನ ಮೆಸೇಜಿಗೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಟುವಾಲುವಿಗೆ ಹೋಗಿದ್ದೆ. ಅಲ್ಲಿ ನೋಡಿದ್ದು ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸುವಂಥದ್ದಲ್ಲ. ಅದರಲ್ಲೂ ನಿನಗೆ ಹೇಳಲೇಬೇಕು. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ಇಲ್ಲಿ ಫಿಜಿಯ ರಾಜಧಾನಿ ಸುವಾದಿಂದ ಪುಟ್ಟ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಅಷ್ಟೂ ಹೊತ್ತು ಕೆಳಗೆ ಬರೀ ನೀರು. ಆಮೇಲೆ ಒಮ್ಮೆಲೇ ಒಂದು ತೆಳ್ಳನೆಯ ಹಸಿರು ಗೆರೆ ಕಾಣುತ್ತದೆ. ಅದೇ ಫುನಾಫುತಿ, ಟುವಾಲುವಿನ ರಾಜಧಾನಿ. ಎಷ್ಟೋ ಕಡೆ ರಸ್ತೆಯಲ್ಲಿ ನಿಂತರೆ ಎಡಕ್ಕೂ ಕಡಲು, ಬಲಕ್ಕೂ ಕಡಲು. ಒಂಬತ್ತು ದ್ವೀಪ ಸೇರಿಸಿದರೂ 26 ಚದರ ಕಿಲೋಮೀಟರ್. ಜನ ಹೆಚ್ಚುಕಮ್ಮಿ 11 ಸಾವಿರ. ಅತಿ ಎತ್ತರದ ಜಾಗ ಅಂದ್ರೆ ಐದು ಮೀಟರ್ ಕೂಡ ಇಲ್ಲ. ನಿಮ್ಮ ಅಡಿಕೆ ಮರಗಳೇ ಅದಕ್ಕಿಂತ ಎಷ್ಟೋ ಎತ್ತರ.

ಊರಿನ ನಡುವೆ ರನ್‌ವೇ. 1943ರಲ್ಲಿ, ಯುದ್ಧದ ಕಾಲದಲ್ಲಿ ಅಮೆರಿಕದವರು ಮಾಡಿದ್ದು. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತದೆ, ಜನ ಪಕ್ಕಕ್ಕೆ ಸರಿಯುತ್ತಾರೆ. ಉಳಿದ ಹೊತ್ತೆಲ್ಲ ಅದು ಊರಿನ ಮೈದಾನ. ಸಂಜೆ ಹುಡುಗರು ಫುಟ್‌ಬಾಲ್ ಆಡುತ್ತಾರೆ, ಹೆಂಗಸರು ಮಾತಾಡುತ್ತಾ ಅಡ್ಡಾಡುತ್ತಾರೆ. ಸೆಕೆ ಜಾಸ್ತಿಯಾದ ರಾತ್ರಿ ಚಾಪೆ ತಂದು ಅಲ್ಲೇ ಮಲಗುವವರೂ ಇದ್ದಾರೆ.

ಸಂಸತ್ತನ್ನು ನೋಡಬೇಕು ಅಂತ ಕೇಳಿದೆ. ಒಬ್ಬ ನಿವೃತ್ತ ಮೇಷ್ಟ್ರು ನನ್ನನ್ನು ರನ್‌ವೇ ಪಕ್ಕದಲ್ಲೇ ಇದ್ದ ಒಂದು ದೊಡ್ಡ ಚಾವಡಿಗೆ ಕರೆದುಕೊಂಡು ಹೋದರು. ಮೇಲೆ ಮಾಡು, ಸುತ್ತ ಕಂಬ, ಗೋಡೆ ಇಲ್ಲ. ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು. ಬಹಳ ಕಾಲ ಸಂಸತ್ತು ಸೇರುತ್ತಿದ್ದದ್ದು ಇಂಥ ಚಾವಡಿಯಲ್ಲೇ ಅಂದರು. ಪ್ರತಿ ದ್ವೀಪದಲ್ಲೂ ಹಿರಿಯರು ಕೂತು ಊರಿನ ಮಾತು ಇತ್ಯರ್ಥ ಮಾಡುವ ಚಾವಡಿ ಇರುತ್ತದೆ. ಅದನ್ನು ಫಲೆಕೌಪುಲೆ ಅನ್ನುತ್ತಾರೆ. 1978ರ ಅಕ್ಟೋಬರ್ 1ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ಸ್ಪೀಕರ್, ಪ್ರಧಾನಿ, ವಿರೋಧ ಮಾಡುವವರ ಸಾಲು ಎಲ್ಲ ಲಂಡನ್ನಿನ ಮಾದರಿಯಲ್ಲಿ ಬಂತು. ಆದರೆ ಕೂತದ್ದು ತಮ್ಮ ಚಾವಡಿಯಲ್ಲಿ, ಮಾತಾಡಿದ್ದು ತಮ್ಮ ಭಾಷೆಯಲ್ಲಿ. ನನಗೆ ಇದು ತುಂಬಾ ಹಿಡಿಸಿತು.

ಸದಸ್ಯರು ಬರೀ 16 ಜನ. ಎಂಟು ಕ್ಷೇತ್ರ, ಒಂದೊಂದಕ್ಕೆ ಇಬ್ಬರು. ಟುವಾಲು ಅಂದರೇನೇ ಒಟ್ಟಿಗೆ ನಿಂತ ಎಂಟು ಅಂತ ಅರ್ಥ. ಒಂಬತ್ತನೆಯದಾದ ನಿಯುಲಕಿತಾಗೆ ನಿಯುತಾವೊ ದ್ವೀಪದವರು ಹೋಗಿ ನೆಲೆಸಿದ್ದು, ಅದಕ್ಕೇ ಅದರ ಮತ ನಿಯುತಾವೊ ಜೊತೆ ಸೇರುತ್ತದೆ. ರಾಜಕೀಯ ಪಕ್ಷ ಅನ್ನೋದೇ ಇಲ್ಲ. ಒಬ್ಬ ವ್ಯಕ್ತಿ ನಿಲ್ಲುತ್ತಾನೆ, ಅವನ ಮನೆತನ, ನಡತೆ, ಮಾತು ಎಲ್ಲ ಊರಿಗೇ ಗೊತ್ತು. 2024ರ ಜನವರಿ ಚುನಾವಣೆಯಲ್ಲಿ ದೇಶದ ಒಟ್ಟು ಮತದಾರರು ಸುಮಾರು 6 ಸಾವಿರ. ಆಗಿನ ಪ್ರಧಾನಿ ಕೌಸಿಯಾ ನಟಾನೊ ತಮ್ಮ ಫುನಾಫುತಿ ಕ್ಷೇತ್ರದಲ್ಲೇ ಸೋತುಬಿಟ್ಟರು.

ಆಮೇಲೆ ಆದದ್ದು ಕೇಳು. ಹೊಸ ಪ್ರಧಾನಿಯನ್ನು ಆರಿಸಬೇಕು. ಗೆದ್ದವರು ಹೊರ ದ್ವೀಪಗಳಲ್ಲಿದ್ದಾರೆ. ಅಲ್ಲಿಗೆ ವಿಮಾನ ಇಲ್ಲ, ಹಡಗೇ ಗತಿ. ಹವಾಮಾನ ಕೆಟ್ಟು ಕಡಲು ಬಿಡಲಿಲ್ಲ. ದೇಶವೇ ಹಡಗಿಗೆ ಕಾಯುತ್ತಾ ಕೂತಿತ್ತು. ಜನವರಿ 26ಕ್ಕೆ ಮತದಾನ, ಫೆಲೆಟಿ ಟೆಯೊ ಪ್ರಧಾನಿ ಎಂದು ತೀರ್ಮಾನ ಆದದ್ದು ಫೆಬ್ರವರಿ 26ಕ್ಕೆ. ಅವರೊಬ್ಬರದ್ದೇ ಹೆಸರು ಬಂದಿತ್ತು, ಅವಿರೋಧ ಆಯ್ಕೆ.

ಯಾವಾಗಲೂ ಹೀಗೆ ನೆಮ್ಮದಿಯಾಗಿ ನಡೆದಿಲ್ಲ. ಪಕ್ಷ ಇಲ್ಲದ ಕಡೆ ಸರ್ಕಾರ ಉರುಳೋದು ಸುಲಭ. 2010ರಲ್ಲಿ ಮಾತಿಯಾ ತೊಯಾಫಾ ಪ್ರಧಾನಿಯಾಗಿ ಮೂರೇ ತಿಂಗಳಿಗೆ ಒಂದು ಮತದ ಅಂತರದಲ್ಲಿ ಕೆಳಗಿಳಿದರು. ಅವರ ಜಾಗಕ್ಕೆ ವಿಲಿ ಟೆಲಾವಿ ಬಂದರು. ಒಬ್ಬ ಮಂತ್ರಿ ತೀರಿಕೊಂಡು 2013ರ ಜೂನ್‌ನಲ್ಲಿ ನುಕುಫೆಟಾವು ದ್ವೀಪದಲ್ಲಿ ಉಪಚುನಾವಣೆ ಆಯಿತು. ವಿರೋಧದವರು ಗೆದ್ದರು. ಆ ಒಂದು ಸೀಟಿನಿಂದ ಟೆಲಾವಿಗೆ ಬಹುಮತ ಹೋಯಿತು. ಅವರು ಸಂಸತ್ತನ್ನೇ ಕರೆಯಲಿಲ್ಲ. ಕೊನೆಗೆ ಬ್ರಿಟನ್ ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಆಗಸ್ಟ್ 1ರಂದು ಅವರನ್ನು ಹುದ್ದೆಯಿಂದ ತೆಗೆದರು, ಎನೆಲೆ ಸೊಪೊವಾಗ ಪ್ರಧಾನಿಯಾದರು. ಒಂದು ದ್ವೀಪದ ಕೆಲವು ನೂರು ಜನ ಮತ ಹಾಕಿದ್ದಕ್ಕೆ ದೇಶದ ಸರ್ಕಾರವೇ ಬದಲಾಯಿತು. ಇಷ್ಟೆಲ್ಲ ಆದರೂ ಯಾರೂ ಬಂದೂಕು ಎತ್ತಲಿಲ್ಲ. ಎತ್ತುವುದಕ್ಕೆ ಅಲ್ಲಿ ಸೈನ್ಯವೇ ಇಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಚುಚ್ಚುತ್ತದೆ. 1989ರಲ್ಲೇ ನಾಮಾ ಲಟಾಸಿ ಎಂಬ ಹೆಣ್ಣುಮಗಳು ಇಲ್ಲಿ ಸದಸ್ಯೆಯಾಗಿದ್ದರು. ಆದರೂ 2024ರ ಚುನಾವಣೆಯಲ್ಲಿ ಒಬ್ಬಳೇ ಒಬ್ಬ ಹೆಂಗಸೂ ಗೆಲ್ಲಲಿಲ್ಲ. ಮಳೆನೀರಿನ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಅಂತ ದಿನಾ ಇಣುಕಿ ನೋಡಿ ಮನೆ ನಡೆಸುತ್ತಿರುವ ಎಷ್ಟೋ ಹೆಂಗಸರನ್ನು ಅಲ್ಲಿ ನೋಡಿದೆ. ಅವರ ದನಿ ಆ 16ರಲ್ಲಿ ಇರಬೇಕಿತ್ತು, ಅಲ್ವಾ?

ಈಗ ನಿನಗೆ ಹೇಳಬೇಕು ಅಂದುಕೊಂಡ ಮಾತು. ಮೇಷ್ಟ್ರ ಮನೆ ಹಿಂದೆ ಒಂದು ಹೊಂಡ ಇದೆ. ಪುಲಕಾ ಅಂತ ನಮ್ಮ ಕೆಸುವಿನಂಥ ಗಡ್ಡೆ, ಅದನ್ನು ಬೆಳೆಯುವ ಹೊಂಡ. ಕೆಳಗಿನಿಂದ ಉಪ್ಪುನೀರು ಜಿನುಗಿ ಎಲೆಯ ಅಂಚೆಲ್ಲ ಹಳದಿಯಾಗಿತ್ತು. ಮೇಷ್ಟ್ರು ಕೂತು ಒಂದು ಎಲೆ ಮುರಿದು ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ. ಕಡಲು ಏರುತ್ತಿದೆ, ಈ ನೆಲ ವಾಸಕ್ಕೆ ಆಗದ ದಿನ ಬರಬಹುದು ಅಂತ ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಹಾಗಾದರೆ ಸಂಸತ್ತು ಏನು ಮಾಡಬೇಕು? ದೇಶ ಅನ್ನಿಸಿಕೊಳ್ಳಲು ನೆಲ ಬೇಕು, ಜನ ಬೇಕು, ಸರ್ಕಾರ ಬೇಕು ಅನ್ನುತ್ತೆ ಜಗತ್ತಿನ ಕಾನೂನು. ನೆಲವೇ ಹೋದರೆ? ಟುವಾಲು ಸುತ್ತಲಿನ 7 ಲಕ್ಷ ಚದರ ಕಿಲೋಮೀಟರ್‌ಗಿಂತ ದೊಡ್ಡ ಕಡಲು ಇವತ್ತು ಅವರದ್ದು. ಅಲ್ಲಿ ಟ್ಯೂನಾ ಹಿಡಿಯಲು ಹೊರದೇಶದ ಹಡಗುಗಳು ಕೊಡುವ ಲೈಸೆನ್ಸ್ ಹಣವೇ ಅವರ ದೊಡ್ಡ ಆದಾಯ. ದೇಶವೇ ಇಲ್ಲ ಅಂದುಬಿಟ್ಟರೆ ಆ ಕಡಲೂ ಹೋಯಿತು.

2023ರಲ್ಲಿ ಅವರು ಸಂವಿಧಾನವನ್ನೇ ಹೊಸದಾಗಿ ಬರೆದರು. ಹವಾಮಾನ ಬದಲಾಗಿ ಇರುವ ನೆಲ ಹೋದರೂ ಟುವಾಲು ಎಂಬ ನಾಡು ಮುಂದೆಯೂ ಶಾಶ್ವತವಾಗಿ ಇರುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಕಡಲಿನ ಗಡಿಯೂ ಕದಲುವುದಿಲ್ಲ ಎಂದು ಬರೆದಿದ್ದಾರೆ. ಒಂದು ಸಣ್ಣ ಹಳ್ಳಿಯಷ್ಟು ಜನ ಸೇರಿಯೂ ಇಲ್ಲದ ಸಭೆ ಜಗತ್ತಿಗೆ ಇಷ್ಟು ದೊಡ್ಡ ಮಾತು ಹೇಳಿತು. ಅದನ್ನು ಕೇಳಿದಾಗ ನನ್ನ ಗಂಟಲು ಕಟ್ಟಿತು, ಸುರೇಶ.

ಅದೇ ವರ್ಷ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಎಂಬ ಒಪ್ಪಂದ ಆಯಿತು. ನೆರೆಹೊರೆಯ ಬಾಳ್ವೆ ಅಂತ ಆ ಮಾತಿನ ಅರ್ಥ. ಕಡಲು ಏರಿದರೂ ಟುವಾಲು ದೇಶವಾಗಿಯೇ ಉಳಿಯುತ್ತದೆ ಎಂದು ಆಸ್ಟ್ರೇಲಿಯಾ ಅದರಲ್ಲಿ ಒಪ್ಪಿಕೊಂಡಿದೆ. ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. ಬದಲಿಗೆ, ಬೇರೆ ದೇಶದ ಜೊತೆ ರಕ್ಷಣೆಯ ಒಪ್ಪಂದ ಮಾಡಬೇಕಾದರೆ ಆಸ್ಟ್ರೇಲಿಯಾ ಒಪ್ಪಬೇಕು. ಸೊಪೊವಾಗ ಇದನ್ನು ವಿರೋಧಿಸಿದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. 2025ರಲ್ಲಿ, ಹೋಗುವವರನ್ನು ಆರಿಸುವ ಮೊದಲ ಲಾಟರಿಗೆ ಕುಟುಂಬದವರೂ ಸೇರಿ 8,750 ಜನ ಹೆಸರು ಕೊಟ್ಟರು. ಇರುವ 11 ಸಾವಿರದಲ್ಲಿ! ಮೇಷ್ಟ್ರ ಮಗಳೂ ಕೊಟ್ಟಿದ್ದಾಳಂತೆ. ಅವರು ಕೊಟ್ಟಿಲ್ಲ.

"ಹೋದವರು ವಾಪಸ್ ಬರಬಹುದು. ಬಂದಾಗ ಬಾಗಿಲು ತೆಗೆಯೋಕೆ ಯಾರಾದರೂ ಇಲ್ಲಿರಬೇಕು" ಅಂದರು.

ಆಗ ನನಗೆ ನೆನಪಾದದ್ದು ನಿಮ್ಮಜ್ಜ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಿ ಎಷ್ಟೋ ವರ್ಷ ಆದಮೇಲೂ ಆ ಗದ್ದೆಯ ಕಂದಾಯದ ರಸೀದಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ನಾವು ಮಕ್ಕಳು ನೋಡಬೇಕು ಅಂದರೆ ಕೈ ತೊಳೆದುಕೊಂಡು ಬನ್ನಿ ಅನ್ನುತ್ತಿದ್ದರು. ಯಾರಾದರೂ ಯಾವೂರು ಅಂತ ಕೇಳಿದರೆ ಹಳೇ ಊರಿನ ಹೆಸರನ್ನೇ ಹೇಳುತ್ತಿದ್ದರು. ಮುಳುಗಡೆ ಅನ್ನುವ ಮಾತು ನಿಮ್ಮ ಮನೆಯಲ್ಲಿ ಏನು ಅಂತ ನನಗೆ ಆಗ ತಿಳಿದಿರಲಿಲ್ಲ.

ಈ ಪತ್ರವನ್ನು ಅಜ್ಜಿಗೆ ಓದಿ ಹೇಳು. ಟುವಾಲು ಎಲ್ಲಿದೆ ಅಂತ ಕೇಳಿದರೆ ಮ್ಯಾಪಿನಲ್ಲಿ ತೋರಿಸು, ತುಂಬಾ ಜೂಮ್ ಮಾಡಬೇಕಾಗುತ್ತೆ. ಆ ರಸೀದಿ ಇನ್ನೂ ಇದ್ದರೆ ಒಂದು ಫೋಟೋ ತೆಗೆದು ಕಳಿಸು. ಮೇಷ್ಟ್ರಿಗೆ ತೋರಿಸುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ.

ನಿನ್ನ,
ಮಂಜು