ಭಾಷಣ ಬರೆಸುವವರಿಗೂ ಒಂದಿಷ್ಟು ಹೊಣೆಯಿದೆ

ಮಾನ್ಯ ಸಂಪಾದಕರೇ,

ಜಿಲ್ಲೆಯ ಸಭೆ ಸಮಾರಂಭಗಳಲ್ಲಿ ಗಣ್ಯರು ಓದುವ ಭಾಷಣಗಳೆಲ್ಲ ಒಂದೇ ಅಚ್ಚಿನವು, ಬರೆದುಕೊಡುವವರು ಹೋದ ವರ್ಷದ ಪ್ರತಿಯಲ್ಲಿ ಹೆಸರು, ತಾರೀಖು ಬದಲಿಸಿ ಕೈತೊಳೆದುಕೊಳ್ಳುತ್ತಾರೆ ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ತುಮಕೂರಿನಲ್ಲಿ ಇದೇ ಕೆಲಸವನ್ನು ಕಸುಬಾಗಿ ಮಾಡಿಕೊಂಡಿರುವ ನಾನು ಆ ದೂರನ್ನು ಸಾರಾಸಗಟಾಗಿ ತಳ್ಳಿಹಾಕಲಾರೆ. ಆದರೆ ಭಾಷಣ ಸಪ್ಪೆಯಾಗುವುದಕ್ಕೆ ಬರೆಯುವವರ ಸೋಮಾರಿತನಕ್ಕಿಂತ ಬರೆಸುವವರ ರೀತಿಯೇ ಹೆಚ್ಚು ಕಾರಣವೆಂಬುದನ್ನು ಹೇಳದೆ ವಿಧಿಯಿಲ್ಲ.

ಕಾರ್ಯಕ್ರಮದ ಹಿಂದಿನ ರಾತ್ರಿ ಆಹ್ವಾನ ಪತ್ರಿಕೆಯ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಜೊತೆಗೆ ‘ಸಾಹೇಬ್ರಿಗೆ ಹತ್ತು ನಿಮಿಷದ್ದು, ಚೆನ್ನಾಗಿರಲಿ’ ಎಂಬ ಒಂದು ಸಾಲು. ಸಾಹೇಬರೊಡನೆ ಐದು ನಿಮಿಷ ಮಾತನಾಡಿಸಿ ಎಂದರೆ ಅವರಿಗೆ ಬಿಡುವಿಲ್ಲ. ಎದುರಿಗೆ ಕೂರುವವರು ಯಾರು ಎಂದು ಕೇಳಿದರೆ ‘ಎಲ್ಲಾ ಇರ್ತಾರೆ ಬರೀರಿ ಸಾರ್’ ಎಂಬ ಉತ್ತರ. ಹೇಳುವವರ ದನಿ ಗೊತ್ತಿಲ್ಲದೆ, ಕೇಳುವವರ ಕಷ್ಟಸುಖ ತಿಳಿಯದೆ, ಬೆಳಗಾಗುವುದರೊಳಗೆ ಬರೆದ ಮಾತಿನಲ್ಲಿ ‘ಸರ್ವತೋಮುಖ ಅಭಿವೃದ್ಧಿ’, ‘ಕಂಕಣಬದ್ಧರಾಗೋಣ’ ಬಿಟ್ಟರೆ ಮತ್ತೇನು ತಾನೇ ಇರಲು ಸಾಧ್ಯ?

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನವನ್ನೇ ನೋಡಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಬಗ್ಗೆ ಅಂದು ಸುತ್ತಲಿನ ಜಿಲ್ಲೆಗಳಲ್ಲಿ ಆಗುವ ಭಾಷಣಗಳು ಕನ್ನಂಬಾಡಿಯಿಂದ ಹೊರಟು ಭಾರತರತ್ನದಲ್ಲಿ ನಿಲ್ಲುತ್ತವೆ. ಸಭೆಯಲ್ಲಿ ಕೂರುವವರು ಹೇಮಾವತಿ ನಾಲೆಯ ಎಂಜಿನಿಯರುಗಳೆಂದು ಮುಂಚಿತವಾಗಿ ತಿಳಿಸಿದ್ದರೆ, ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದಾಗ ನೀರಾ ನಾಲೆಯ ಅಚ್ಚುಕಟ್ಟಿನಲ್ಲಿ ತಂದ ಬ್ಲಾಕ್ ಪದ್ಧತಿಯನ್ನು ಎತ್ತಿಕೊಳ್ಳಬಹುದು. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಯನ್ನು ಸರದಿಯಂತೆ ಬದಲಿಸಿ, ಇರುವ ನೀರನ್ನೇ ಹೆಚ್ಚು ಹಳ್ಳಿಗಳಿಗೆ ಮುಟ್ಟಿಸುವ ಯೋಚನೆ ಅದು. ನಾಲೆಯ ಕೊನೆಯ ಹಳ್ಳಿಗೆ ನೀರು ಹರಿಯಲಿಲ್ಲವೆಂದು ಪ್ರತಿ ವರ್ಷ ಬೈಗುಳ ತಿನ್ನುವ ಎಂಜಿನಿಯರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ತಲೆಯೆತ್ತಿ ಕೇಳುತ್ತಾನೆ.

ಕಸುಬಿನ ಒಳಗಿನ ಒಂದೆರಡು ಮಾತನ್ನೂ ಹೇಳಬೇಕು. ಪಾವಗಡ ಕಡೆಯ ಸಹಕಾರ ಸಂಘವೊಂದರ ಅಧ್ಯಕ್ಷರಿಗೆ ವಾರ್ಷಿಕ ಮಹಾಸಭೆಯ ಭಾಷಣ ಬರೆಯಬೇಕಾಗಿತ್ತು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಅವರು. ಉದ್ದುದ್ದ ಸಂಸ್ಕೃತ ಸಮಾಸ ಎದುರಾದರೆ ಅವರ ನಾಲಿಗೆ ಮುಗ್ಗರಿಸುತ್ತದೆ. ಫೋನಿನಲ್ಲಿ ಸುಮ್ಮನೆ ಮಾತನಾಡುತ್ತಿದ್ದಾಗ, ‘ಸಾಲ ಕೊಡೋ ದಿನ ನಮ್ಮನ್ನ ದೇವ್ರು ಅಂತಾರೆ, ವಸೂಲಿಗೆ ಹೋದ ದಿನ ಬಾಗ್ಲು ಹಾಕ್ಕೊಂತಾರೆ’ ಎಂದರು. ಆ ಮಾತನ್ನು ಒಂದಕ್ಷರ ತಿದ್ದದೆ ಭಾಷಣದ ಮೊದಲಿಗೇ ಇಟ್ಟೆ. ಪ್ರತಿ ತಯಾರಿಸುವುದರಲ್ಲೂ ಕ್ರಮವಿದೆ. ಅಕ್ಷರ ದಪ್ಪಗಿರಬೇಕು, ಹಾಳೆಯ ಒಂದೇ ಮಗ್ಗುಲಲ್ಲಿರಬೇಕು, ಪುಟ ಮುಗಿಯುವಲ್ಲಿ ವಾಕ್ಯವೂ ಮುಗಿಯಬೇಕು. ಇಲ್ಲವಾದರೆ ಹಾಳೆ ಮಗುಚುವಾಗ ಕ್ರಿಯಾಪದವೇ ಕಳೆದುಹೋಗುತ್ತದೆ. ನಿಧಾನವಾಗಿ ಓದುವವರು ನಿಮಿಷಕ್ಕೆ 80ರಿಂದ 90 ಪದ ದಾಟುವುದಿಲ್ಲವೆಂಬುದು ನನ್ನ ಲೆಕ್ಕವಾದ್ದರಿಂದ ಹತ್ತು ನಿಮಿಷಕ್ಕೆ 800 ಪದ ಧಾರಾಳ. ವೇದಿಕೆ ಮೇಲಿನವರನ್ನೆಲ್ಲ ಹೆಸರಿಸಿ ವಂದಿಸುವುದರಲ್ಲೇ ಎರಡು ನಿಮಿಷ ಸೋರಿಹೋಗುತ್ತದೆಂಬುದನ್ನು ಬರೆಸುವವರು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಸಂಭಾವನೆ. ಶಾಮಿಯಾನ, ಧ್ವನಿವರ್ಧಕ, ಮೈಸೂರು ಪೇಟ, ಹಾರ ತುರಾಯಿ ಎಲ್ಲಕ್ಕೂ ಬಿಲ್ಲುಂಟು. ಅಷ್ಟೆಲ್ಲ ಸಿದ್ಧತೆ ಯಾವ ಮಾತಿಗಾಗಿಯೋ ಆ ಮಾತಿಗೆ ಮಾತ್ರ ‘ಮುಂದೆ ನೋಡ್ಕೊಳ್ಳೋಣ’. ಜಿಲ್ಲೆಯ ಸಂಘವೊಂದು ನನ್ನಿಂದ ಬರೆಸಿದ ಭಾಷಣವನ್ನು ಅಧ್ಯಕ್ಷರ ಹೆಸರಿನಲ್ಲಿ ಸ್ಮರಣ ಸಂಚಿಕೆಯಲ್ಲೂ ಅಚ್ಚುಹಾಕಿಸಿತು. ಹಣವಿರಲಿ, ಸಂಚಿಕೆಯ ಒಂದು ಪ್ರತಿಯೂ ನನ್ನ ಕೈಸೇರಲಿಲ್ಲ. ಅವರ ಹೆಸರಿನಲ್ಲಿ ಅಚ್ಚಾದದ್ದರ ಬಗ್ಗೆ ನನ್ನ ತಕರಾರಿಲ್ಲ, ಕಾನೂನಿನ ಒಲವೂ ಅತ್ತಲೇ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿಗೆ 1983ರಲ್ಲಿ ಸೇರಿಸಿದ ಉಪಬಂಧದಂತೆ, ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕುಸ್ವಾಮ್ಯಕ್ಕೆ ಮೊದಲ ಒಡೆಯರು ಅದನ್ನು ಮಾಡಿದವರು, ಅಥವಾ ಅವರು ಯಾರ ಪರವಾಗಿ ಮಾಡಿದರೋ ಅವರು. ಹೀಗಿರುವಾಗ ಬರೆದವನ ಪಾಲಿಗೆ ಗಟ್ಟಿಯಾಗಿ ಉಳಿಯುವುದು ಕೂಲಿಯೊಂದೇ. ಅದಕ್ಕೂ ಕಾಗದದ ಮೇಲೆ ಒಪ್ಪಂದವಿಲ್ಲದಿದ್ದರೆ ಯಾರ ಬಾಗಿಲಿಗೆ ಹೋಗಿ ಕೇಳುವುದು?

ಬೇರೆಯವರು ಬರೆದದ್ದನ್ನು ಓದುವುದೇ ಮೋಸವೆಂದೂ ಆ ಓದುಗರು ಬರೆದಿದ್ದಾರೆ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಂವಿಧಾನದ 176ನೇ ವಿಧಿಯಂತೆ ವಿಧಾನಮಂಡಲದ ಎದುರು ರಾಜ್ಯಪಾಲರು ‘ನನ್ನ ಸರ್ಕಾರ’ ಎನ್ನುತ್ತ ಓದುವ ಭಾಷಣವನ್ನು ಸಿದ್ಧಪಡಿಸುವುದು ಸರ್ಕಾರವೆಂಬುದು ಎಲ್ಲರಿಗೂ ಗೊತ್ತು. ಪ್ರಾಚೀನ ಅಥೆನ್ಸಿನ ನ್ಯಾಯಾಲಯಗಳಲ್ಲಿ ಕಕ್ಷಿದಾರರೇ ನಿಂತು ವಾದಿಸಬೇಕಿದ್ದರಿಂದ ಅವರಿಗೆ ಭಾಷಣ ಬರೆದುಕೊಟ್ಟು ಹಣ ಪಡೆಯುವ ಲಿಸಿಯಾಸನಂಥವರಿದ್ದರು. ನಿಲ್ಲಿಸಲು ಹೊರಟಿದ್ದ ತನ್ನ ಭತ್ಯೆಯನ್ನು ಉಳಿಸಿಕೊಳ್ಳಲು ಬಂದ ಅಂಗವಿಕಲ ವ್ಯಾಪಾರಿಗೆ ಅವನು ಬರೆದುಕೊಟ್ಟ ಮಾತು ಇಂದಿಗೂ ಉಳಿದಿದೆ. ಗೋಗರೆಯುವ ಬದಲು ದೂರುಗಾರನನ್ನೇ ಗೇಲಿ ಮಾಡುವ ಆ ಮಾತಿನಲ್ಲಿ ಕೇಳಿಸುವುದು ಬರೆದ ಪಂಡಿತನ ದನಿಯಲ್ಲ, ಕಿಲಾಡಿ ವ್ಯಾಪಾರಿಯ ದನಿ. ಹಾಗೆ ಬರೆಯಲು ಲಿಸಿಯಾಸನು ಆ ಮನುಷ್ಯನೊಡನೆ ಕೂತು ಮಾತನಾಡಿರಲೇಬೇಕೆಂದು ನನ್ನ ಊಹೆ. ನಮ್ಮಲ್ಲಿ ಅಷ್ಟಕ್ಕೂ ಪುರುಸೊತ್ತಿಲ್ಲ. ಈಗಂತೂ ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಡುತ್ತದೆಂದು ಕೆಲವರು ನನ್ನ ಮುಂದೆಯೇ ತೋರಿಸುತ್ತಾರೆ. ಆದರೆ ಬೀಳ್ಕೊಡುಗೆಯ ಭಾಷಣವೆಂದರೆ, ಮೇ 31ಕ್ಕೆ ನಿವೃತ್ತರಾಗುವ ಮುಖ್ಯೋಪಾಧ್ಯಾಯರು ಯಾವ ಮಕ್ಕಳ ಮನೆಗೆ ಹೋಗಿ ಹಾಜರಾತಿ ಉಳಿಸಿದರು ಎಂಬುದನ್ನು ಅವರ ಸಹೋದ್ಯೋಗಿಗಳೇ ಹೇಳಬೇಕು. ಕೇಳಿ ತಿಳಿಯುವ ಆ ಕೆಲಸವನ್ನು ಬಿಟ್ಟರೆ ಮೊಬೈಲಾದರೇನು, ನಾನಾದರೇನು.

ರಾಜ್ಯೋತ್ಸವದ ಪೂರ್ವಭಾವಿ ಸಭೆಗಳಲ್ಲಿ ಮೆರವಣಿಗೆ, ಊಟ, ಕುರ್ಚಿಗಳ ಹೊಣೆ ಹಂಚುವ ಇಲಾಖೆಗಳೂ ಸಂಘಗಳೂ ಭಾಷಣವನ್ನೂ ಆ ಪಟ್ಟಿಗೆ ಸೇರಿಸಲಿ. ಕನಿಷ್ಠ ಒಂದು ವಾರ ಮೊದಲು ತಿಳಿಸಲಿ, ಭಾಷಣಕಾರರೊಡನೆ ಅರ್ಧ ಗಂಟೆ ಮಾತನಾಡಲು ಅವಕಾಶ ಕೊಡಲಿ, ದರವನ್ನೂ ಪಾವತಿಯ ದಿನವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಇಷ್ಟಾದ ಮೇಲೂ ಭಾಷಣ ಹೋದ ವರ್ಷದ್ದೇ ಆಗಿದ್ದರೆ ಆ ಓದುಗರು ಧಾರಾಳವಾಗಿ ನಮ್ಮನ್ನೇ ದೂರಬಹುದು.

– ಒಬ್ಬ ಭಾಷಣ ಬರಹಗಾರ, ತುಮಕೂರು