ಮೊದಲು ಒಡೆ, ಆಮೇಲೆ ಗುಣಿಸು

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ಒಂಬತ್ತನೇ ತರಗತಿಯ ಕರಣಿಗಳು, ಅಂದರೆ √2, √3ರ ಹಾಗೆ ಸರಿಯಾಗಿ ಬಿಡದ ವರ್ಗಮೂಲಗಳು, ನಿನಗೆ ತಲೆನೋವಾಗಿವೆ ಎಂದು ನಿಮ್ಮಮ್ಮ ಹೇಳಿದಳು. ನೀನು ಬಿಡಿಸಿದ ಲೆಕ್ಕಗಳ ಫೋಟೋನೂ ಕಳಿಸಿದಳು. ನೋಡಿದೆ. √a × √b = √(a × b) ಎಂಬ ಗುಣಾಕಾರದ ನಿಯಮ ನಿನಗೆ ಚೆನ್ನಾಗಿಯೇ ಗೊತ್ತಿದೆ. ಅವಸರ ಜಾಸ್ತಿ, ಅಷ್ಟೇ.

√72 × √98 ಕಂಡ ಕೂಡಲೇ ಎರಡನ್ನೂ ಗುಣಿಸಿ √7056 ಎಂದು ಬರೆದಿದ್ದೀಯ. ತಪ್ಪಲ್ಲ. ಆದರೆ ಅಲ್ಲೇ ಸಿಕ್ಕಿಕೊಂಡೆ, ಅಲ್ವಾ? 7056ರ ವರ್ಗಮೂಲ ಯಾರಿಗೆ ಥಟ್ಟನೆ ಹೊಳೆಯುತ್ತದೆ? ಗುಣಿಸುವ ಮೊದಲೇ ಒಡೆದು ನೋಡು. 72 ಅಂದರೆ 36 × 2. 36 ಪೂರ್ಣವರ್ಗ, ಅದು 6 ಆಗಿ ಹೊರಗೆ ಬರುತ್ತದೆ. ಹಾಗಾಗಿ √72 = 6√2. 98 ಅಂದರೆ 49 × 2, ಅದು 7√2. ಈಗ ಹೊರಗಿನದ್ದನ್ನು ಹೊರಗಿನದರ ಜೊತೆ ಗುಣಿಸು, ಒಳಗಿನದ್ದನ್ನು ಒಳಗಿನದರ ಜೊತೆ. 6 × 7 = 42. √2 × √2 = 2. ಉತ್ತರ 84. ಬಾಯಲ್ಲೇ ಮಾಡಬಹುದು.

36 ಕಣ್ಣಿಗೆ ಬೀಳದಿದ್ದರೆ ಗಾಬರಿ ಬೇಡ. 72ನ್ನು 2 × 2 × 2 × 3 × 3 ಎಂದು ಬರೆ. ಪ್ರತಿ ಜೋಡಿಯಿಂದ ಒಂದು ಹೊರಗೆ ಬರುತ್ತದೆ, ಜೋಡಿ ಇಲ್ಲದ್ದು ಒಳಗೇ ಉಳಿಯುತ್ತದೆ. √12 × √18 ಕೂಡ ಹೀಗೇ: 2√3 × 3√2 = 6√6. 6ರಲ್ಲಿ ಜೋಡಿ ಇಲ್ಲ, ಅಲ್ಲಿಗೆ ನಿಲ್ಲಿಸು.

ಇನ್ನೊಂದು ಕಡೆ ಮಾತ್ರ ನಿಜವಾಗಿ ತಪ್ಪಿದೆ. √2 + √8 = √10 ಎಂದಿದ್ದೀಯ. ಗುಣಾಕಾರದ ನಿಯಮ ಕೂಡುವುದಕ್ಕೆ ನಡೆಯುವುದಿಲ್ಲ ಪುಟ್ಟಿ. √9 + √16 ಎಷ್ಟು? 7. √25 ಎಷ್ಟು? 5. ಎರಡೂ ಒಂದೇ ಅಲ್ಲ. √8ನ್ನು ಒಡೆದರೆ 2√2, ಅದಕ್ಕೆ √2 ಸೇರಿದರೆ 3√2, ಅಂದರೆ √18. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಇದೇ 2 ಮತ್ತು 8ರ ಕರಣಿಗಳನ್ನು ಕೂಡಲು ಕೇಳಿದ್ದಾರೆ. ಆಮೇಲೆ 3 ಮತ್ತು 27. ಕೊನೆಗೆ 3 ಮತ್ತು 7. ನನಗೆ ಈ ಕೊನೆಯದೇ ಬಹಳ ಇಷ್ಟ. √3 + √7 ಒಂದೇ ಕರಣಿಯಾಗಿ ಸೇರುವುದೇ ಇಲ್ಲ. ಇದ್ದ ಹಾಗೇ ಬಿಟ್ಟರೆ ಅದೇ ಉತ್ತರ. ಬಲವಂತವಾಗಿ √10 ಮಾಡಬೇಡ.

√54 × √96 ಬಿಡಿಸಿ ಭಾನುವಾರ ಫೋನಿನಲ್ಲಿ ಹೇಳು. 5184 ಎಂಬ ಸಂಖ್ಯೆ ನಿನ್ನ ಹಾಳೆಯಲ್ಲಿ ಎಲ್ಲೂ ಕಾಣಬಾರದು, ನೋಡು.

ಇಂತಿ,
ನಿನ್ನ ಮಾವ