ತಂಗೀ, ಅಜ್ಜಿಯ ಅಟ್ಟ ಬಿಟ್ಟು ಬರಬೇಡ

ಪ್ರೀತಿಯ ತಂಗೀ,

ನಿನ್ನ ಪತ್ರ ಬಂದು ಹತ್ತು ದಿನ ಆಯ್ತು. ತಡ ಆಯ್ತು ಅಂತ ಬೇಜಾರು ಮಾಡ್ಕೋಬೇಡ. ಉತ್ತರ ಬರೆಯುವ ಮುಂಚೆ ನಿನ್ನ ಪುಸ್ತಕವನ್ನು ಇನ್ನೊಂದು ಸಲ ಓದಬೇಕಿತ್ತು, ಓದಿದೆ.

ನಿನ್ನ ಪುಸ್ತಕ ಬಂದ ವಾರವೇ ದೊಡ್ಡ ಹೆಸರಿನವರ ಕಾದಂಬರಿಯೂ ಬಂತು, ಎಲ್ಲರೂ ಅದರ ಹಿಂದೆ ಹೋದರು, ನಿನ್ನ ಕಥೆಗಳ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಸರಿ. ತಿಪಟೂರಿನ ಅಜ್ಜಿ, ಕೊಬ್ಬರಿ, ಅಟ್ಟ ಇದೆಲ್ಲ ಈಗ ಯಾರಿಗೆ ಬೇಕು ಅಕ್ಕಾ, ಇನ್ನು ಮೇಲೆ ಪತ್ತೇದಾರಿ ಬರೀತೀನಿ ಅಂದಿದ್ದೀಯ. ಪತ್ತೇದಾರಿ ಬರೆಯೋದು ತಪ್ಪೇನಲ್ಲ, ಆಸೆ ಇದ್ದರೆ ಖಂಡಿತ ಬರಿ. ಆದರೆ ಅಜ್ಜಿ ಕಥೆ ಓಡಲಿಲ್ಲ ಅನ್ನೋ ಕಾರಣಕ್ಕೆ ಬರೀಬೇಡ. ನಿನ್ನ ಪತ್ರ ಮಡಚಿಟ್ಟಾಗಿನಿಂದ ನನ್ನ ತಲೆಯಲ್ಲಿ ಕಿಂಕ್ಸ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ಹಾಡುಗಳೇ ಓಡಾಡುತ್ತಿವೆ. ನೀನು ಅವರ ಹೆಸರು ಕೇಳಿರಲಿಕ್ಕಿಲ್ಲ. ಬೀಟಲ್ಸ್ ಗೊತ್ತು, ರೋಲಿಂಗ್ ಸ್ಟೋನ್ಸ್ ಗೊತ್ತು, ಅದೇ ಕಾಲದ ಅದೇ ದೇಶದ ಕಿಂಕ್ಸ್ ಮಾತ್ರ ಗೊತ್ತಿಲ್ಲ ಅನ್ನುವವರೇ ಜಾಸ್ತಿ. ನನಗೆ ಗೊತ್ತಾಗಿದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ, ಎಂಬತ್ತರ ದಶಕದಲ್ಲಿ, ಶಿಲ್ಲಾಂಗಿನಿಂದ ಬಂದಿದ್ದ ರೂಮ್‌ಮೇಟ್ ಹತ್ತಿರ ಇದ್ದ ಒಂದು ಸವೆದ ಕ್ಯಾಸೆಟ್‌ನಿಂದ. ಅರ್ಧ ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ಆದರೂ ಅದರಲ್ಲಿ ಒಂದು ಮನೆ ಕಾಣುತ್ತಿತ್ತು, ಅಡುಗೆಮನೆ ಸಮೇತ.

ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್ ಕಡೆಯ ಒಂದು ಸಾಮಾನ್ಯ ಮನೆ ಅದು. ಎಂಟು ಮಕ್ಕಳು. ಮೊದಲು ಸಾಲಾಗಿ ಆರು ಹೆಣ್ಣು, ಆಮೇಲೆ 1944ರಲ್ಲಿ ರೇ ಡೇವಿಸ್, ಮುಂದೆ ಕಿಂಕ್ಸ್ ಹಾಡುಗಳನ್ನು ಬರೆದು ಹಾಡಿದವನು, 1947ರಲ್ಲಿ ತಮ್ಮ ಡೇವ್. ಅಕ್ಕಂದಿರಲ್ಲಿ ರೆನೆ ಅನ್ನುವವಳಿಗೆ ಹೃದಯದ ತೊಂದರೆ ಇತ್ತು. ಕುಣಿಯುವುದು ಅಂದರೆ ಅವಳಿಗೆ ಪ್ರಾಣ. 1957ರಲ್ಲಿ ರೇಗೆ ಹದಿಮೂರು ತುಂಬುವಾಗ ಅವಳು ಒಂದು ಸ್ಪ್ಯಾನಿಷ್ ಗಿಟಾರ್ ಉಡುಗೊರೆ ಕೊಟ್ಟಳು. ಅದೇ ರಾತ್ರಿ ಲೈಸಿಯಂ ಅನ್ನುವ ಡಾನ್ಸ್ ಹಾಲಿಗೆ ಹೋಗಿ, ಕುಣಿಯುತ್ತಿರುವಾಗಲೇ ಕುಸಿದು ತೀರಿಕೊಂಡಳು. ಹುಡುಗನ ಕೈಯಲ್ಲಿ ಗಿಟಾರ್ ಉಳಿಯಿತು. ಈ ಅಕ್ಕನನ್ನು ನೆನಪಿಟ್ಟುಕೋ, ಮತ್ತೆ ಬರುತ್ತಾಳೆ.

ಆ ಅಣ್ಣ ತಮ್ಮಂದಿರ ಬ್ಯಾಂಡಿಗೆ ಹೆಸರು ಬಂದಿದ್ದು 1964ರಲ್ಲಿ, ಮೂರನೇ ಹಾಡಿನಿಂದ. 'ಯೂ ರಿಯಲಿ ಗಾಟ್ ಮಿ'. ಮೊದಲಿನ ಎರಡೂ ಬಿದ್ದುಹೋಗಿದ್ದವು, ಇದೂ ಬಿದ್ದಿದ್ದರೆ ಬ್ಯಾಂಡ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹದಿನೇಳು ವರ್ಷದ ಡೇವ್ ಒಂದು ಅಗ್ಗದ ಪುಟ್ಟ ಆಂಪ್ಲಿಫೈಯರ್ ಇಟ್ಟುಕೊಂಡಿದ್ದ. ಅದರ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ, ಗಿಟಾರಿನ ದನಿ ಗರಗರ ಅನ್ನತೊಡಗಿತು. ಆಮೇಲೆ ಬಂದ ಅರ್ಧ ರಾಕ್ ಸಂಗೀತ ಆ ಗರಗರದ ಮೇಲೆ ನಿಂತಿದೆ ಅಂದರೂ ಸುಳ್ಳಲ್ಲ. ಆದರೆ ನಿನಗೆ ಹೇಳಬೇಕಿರುವುದು ಇನ್ನೊಂದು. ಮೊದಲ ಸಲ ರೆಕಾರ್ಡ್ ಮಾಡಿದಾಗ ಹಾಡು ನಿಧಾನವಾಗಿ, ನುಣ್ಣಗೆ ಬಂದಿತ್ತು. ರೇಗೆ ಸ್ವಲ್ಪವೂ ಹಿಡಿಸಲಿಲ್ಲ. ಮತ್ತೆ ಖರ್ಚು ಮಾಡಲು ಕಂಪನಿಗೆ ಮನಸ್ಸಿಲ್ಲ. ಇಪ್ಪತ್ತು ವರ್ಷದ ಹುಡುಗ, ಎರಡು ಸಲ ಸೋತವನು, ಇದು ನನ್ನ ಹಾಡಲ್ಲ, ಮತ್ತೆ ಮಾಡಲೇಬೇಕು ಅಂತ ಪಟ್ಟು ಹಿಡಿದು ಕೂತ. ಮತ್ತೆ ಮಾಡಿದರು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನೀನು ಆರನೇ ಕಥೆಯ ಕೊನೆಯನ್ನು ಸಂಪಾದಕರು ಹೇಳಿದರು ಅಂತ ಬದಲಿಸಿದೆ ಅಲ್ವಾ? ಓದುವಾಗ ಗೊತ್ತಾಗುತ್ತದೆ ಕಣೇ.

1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಅವರು ಬಾಂಬೆಯಲ್ಲಿ ತಂಗಿದ್ದರು. ಬೆಳಗಿನ ಜಾವ ಸಮುದ್ರದ ದಡದಲ್ಲಿ ಮೀನುಗಾರರು ಹಾಡಿಕೊಂಡು ಕೆಲಸಕ್ಕೆ ಹೋಗುವುದು ರೇ ಕಿವಿಗೆ ಬಿತ್ತು. ಅದೇ ವರ್ಷ 'ಸೀ ಮೈ ಫ್ರೆಂಡ್ಸ್' ಬಂತು. ಕೇಳಿ ನೋಡು, ಹಿಂದೆ ತಂಬೂರಿ ಮಿಡಿದ ಹಾಗೆ ಒಂದೇ ಶ್ರುತಿ ನಿಂತಿರುತ್ತದೆ. ಬೀಟಲ್ಸ್ ಹಾಡಿನಲ್ಲಿ ಸಿತಾರ್ ಕೇಳಿಸುವುದಕ್ಕೆ ಇನ್ನೂ ಕೆಲವು ತಿಂಗಳು ಬಾಕಿ ಇತ್ತು. ರೇ ಸಿತಾರ್ ತರಿಸಲಿಲ್ಲ. ಕೇಳಿದ್ದನ್ನು ತಮ್ಮ ಗಿಟಾರಿನಲ್ಲೇ ಹುಡುಕಿದರು. ಇದು ನನಗೆ ತುಂಬಾ ಇಷ್ಟವಾದ ವಿಷಯ. ಬೇರೆಯವರದ್ದು ಕೇಳಬೇಕು, ಕಿವಿ ತುಂಬ ಕೇಳಬೇಕು, ಬಾರಿಸುವಾಗ ಮನೆಯಲ್ಲಿರುವ ವಾದ್ಯವನ್ನೇ ಎತ್ತಿಕೊಳ್ಳಬೇಕು.

ಆ ವರ್ಷವೇ ಪೆಟ್ಟು ಬಿತ್ತು. ಅಮೆರಿಕ ಪ್ರವಾಸದಲ್ಲಿ ಜಗಳ, ರಗಳೆ ಆಗಿ, ಅಲ್ಲಿನ ಸಂಗೀತಗಾರರ ಒಕ್ಕೂಟ ಅವರಿಗೆ ಬಾಗಿಲು ಹಾಕಿತು. 1969ರವರೆಗೆ ಅಲ್ಲಿ ಹಾಡುವ ಹಾಗಿಲ್ಲ. ಜೊತೆಯವರೆಲ್ಲ ಅಮೆರಿಕದಲ್ಲಿ ದೊಡ್ಡವರಾದ ನಾಲ್ಕು ವರ್ಷ ಇವರು ಮನೆಯಲ್ಲಿ. ಯಾರಾದರೂ ಕುಸಿದುಹೋಗುವ ಹೊಡೆತ ಅದು, ಇವರಿಗೂ ನೋವಾಗದೆ ಇರಲಿಲ್ಲ. ಆದರೆ ಅವರ ಎಲ್ಲಕ್ಕಿಂತ ಒಳ್ಳೆಯ ಹಾಡುಗಳು ಈ ವರ್ಷಗಳಲ್ಲೇ ಬಂದವು. ಅಮೆರಿಕದವರ ಹಾಗೆ ಹಾಡುವ ಗೊಡವೆಯೇ ಬಿಟ್ಟು, ರೇ ತಮ್ಮ ಬೀದಿ ನೋಡತೊಡಗಿದರು. ಬಾಡಿಗೆ ಕಟ್ಟಲಾಗದ ಮನೆ, ಬಿರುಕು ಬಿಟ್ಟ ಚಾವಣಿ, ಶನಿವಾರದ ಫುಟ್‌ಬಾಲ್, ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದ ಇನ್ನೊಬ್ಬ ಅಕ್ಕ. 1967ರ 'ವಾಟರ್ಲೂ ಸನ್‌ಸೆಟ್' ಮೊದಲು ಲಿವರ್‌ಪೂಲಿನ ಬಗ್ಗೆ ಇತ್ತಂತೆ. ಆಮೇಲೆ ಅದು ಥೇಮ್ಸ್ ನದಿಗೆ ಬಂತು. ರೇ ಚಿಕ್ಕವನಿದ್ದಾಗ ಕಾಯಿಲೆ ಬಿದ್ದು ನದಿ ಪಕ್ಕದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನರ್ಸುಗಳು ಹೊರಗೆ ಕರೆದುಕೊಂಡು ಹೋಗಿ ಆ ನದಿ ತೋರಿಸಿದ್ದರು. ಹಾಡಿನಲ್ಲಿ ಏನೂ ನಡೆಯುವುದಿಲ್ಲ. ಇಬ್ಬರು ಪ್ರೇಮಿಗಳು ಪ್ರತಿ ಶುಕ್ರವಾರ ಸಂಜೆ ಸ್ಟೇಷನ್ ಹತ್ತಿರ ಸೇರುತ್ತಾರೆ, ನದಿ ದಾಟುತ್ತಾರೆ, ಒಬ್ಬ ಕಿಟಕಿಯಿಂದ ನೋಡುತ್ತಾನೆ. ಅಷ್ಟೇ. ನಲವತ್ತೈದು ವರ್ಷ ಕಳೆದು, 2012ರಲ್ಲಿ, ಲಂಡನ್ ಒಲಿಂಪಿಕ್ಸ್ ಮುಗಿಯುವ ದಿನ ಊರಿನ ಹಾಡು ಅಂತ ಅದನ್ನೇ ರೇ ಕೈಲಿ ಹಾಡಿಸಿದರು.

ಈಗ ನಿನ್ನ ವಾರದ ವಿಷಯಕ್ಕೆ ಬರ್ತೀನಿ. 1968ರಲ್ಲಿ ಅವರು 'ವಿಲೇಜ್ ಗ್ರೀನ್ ಪ್ರಿಸರ್ವೇಷನ್ ಸೊಸೈಟಿ' ಅನ್ನುವ ಆಲ್ಬಮ್ ಮಾಡಿದರು. ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಗಳು ಕಲ್ಲು ತೂರುತ್ತಿದ್ದ ವರ್ಷ, ಎಲ್ಲ ಬ್ಯಾಂಡುಗಳೂ ಕ್ರಾಂತಿ ಅನ್ನುತ್ತಿದ್ದ ವರ್ಷ. ಇವರು ಹಳೆ ಫೋಟೋ ಆಲ್ಬಮ್ ಬಗ್ಗೆ, ಉಗಿಬಂಡಿಯ ಬಗ್ಗೆ, ಬೆಕ್ಕಿನ ಬಗ್ಗೆ ಹಾಡಿದರು. ಸೆಪ್ಟೆಂಬರಿನಲ್ಲಿ 12 ಹಾಡು ತಯಾರಾಗಿದ್ದಾಗ ರೇ ತಡೆದರು, ಸಾಲದು ಅಂತ 15 ಮಾಡಿದರು. ಕೊನೆಗೆ ಅದು ಹೊರಬಂದಿದ್ದು ನವೆಂಬರ್ 22ಕ್ಕೆ. ಅದೇ ದಿನ ಬೀಟಲ್ಸ್‌ನವರ ವೈಟ್ ಆಲ್ಬಮ್ ಬಂತು. ನಿನಗೆ ವಾರವಾದರೂ ಸಿಕ್ಕಿತ್ತು, ಅವರಿಗೆ ಒಂದು ದಿನವೂ ಸಿಗಲಿಲ್ಲ. ಬ್ರಿಟನ್, ಅಮೆರಿಕ ಎರಡು ಕಡೆಯೂ ಪಟ್ಟಿಯಲ್ಲಿ ಹೆಸರೇ ಇಲ್ಲ. ಮುಂದಿನ ವರ್ಷ ಬಾಸ್ ನುಡಿಸುತ್ತಿದ್ದ ಪೀಟ್ ಕ್ವೈಫ್ ಬ್ಯಾಂಡ್ ಬಿಟ್ಟರು. ಅದೇ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಗೋಲ್ಡ್ ಡಿಸ್ಕ್ ಸಿಕ್ಕಿದ್ದು 2018ರಲ್ಲಿ. ಲಕ್ಷ ಪ್ರತಿ ಹೋಗಲು ಐವತ್ತು ವರ್ಷ. ನಡುವೆ ಅದನ್ನು ಉಳಿಸಿದವರು ಯಾರು ಅಂದರೆ, ಒಬ್ಬರಿಂದ ಒಬ್ಬರಿಗೆ ಕೊಟ್ಟವರು. ನನ್ನ ಶಿಲ್ಲಾಂಗಿನ ಗೆಳತಿಯ ಹಾಗೆ.

ಅದರಲ್ಲಿ ವಾಲ್ಟರ್ ಅನ್ನುವ ಹಳೆ ಗೆಳೆಯನ ಬಗ್ಗೆ ಒಂದು ಹಾಡಿದೆ. ಜೊತೆಗೆ ಕ್ರಿಕೆಟ್ ಆಡಿದವನು, ಜಗತ್ತನ್ನೇ ಎದುರಿಸೋಣ ಅಂದವನು. ಈಗ ಅವನು ದಪ್ಪಗಾಗಿರಬೇಕು, ಮದುವೆ ಆಗಿರಬೇಕು, ರಾತ್ರಿ ಎಂಟೂವರೆಗೆಲ್ಲ ಮಲಗಿಬಿಡುತ್ತಾನೇನೋ ಅಂತ ಊಹೆ ಮಾಡುತ್ತಾರೆ. ಎಂಟೂವರೆ! 'ಬೇಗ ಮಲಗುತ್ತಾನೆ' ಅಂದಿದ್ದರೆ ಆ ವಾಲ್ಟರ್ ನನಗೆ ಸಿಗುತ್ತಲೇ ಇರಲಿಲ್ಲ. ಎಂಟೂವರೆ ಅಂದ ತಕ್ಷಣ ಅವನ ಬನಿಯನ್ನು, ಆರಿಸಿದ ದೀಪ, ಪಕ್ಕದ ಮೇಜಿನ ಗಡಿಯಾರ ಎಲ್ಲ ಬಂದುಬಿಡುತ್ತದೆ. ನಿನ್ನಲ್ಲೂ ಇಂಥದ್ದು ಇದೆ. ಅಜ್ಜಿ ಅಟ್ಟದಿಂದ ಕಾಯಿ ಇಳಿಸಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಲೊಟಲೊಟ ಅಂದರೆ ಮಾತ್ರ ಸುಲಿಯಲು ಕೊಡುವುದು, ಇಲ್ಲದಿದ್ದರೆ 'ಇನ್ನೂ ಬಿಟ್ಟಿಲ್ಲ' ಅಂತ ವಾಪಸ್ ಅಟ್ಟಕ್ಕೆ ಏರಿಸುವುದು. ಆ ಪುಟವನ್ನು ನಾನು ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಿದೆ.

ಎಪ್ಪತ್ತರ ದಶಕದಲ್ಲಿ ರೇ ಅದೇ ಹಳ್ಳಿಯನ್ನು ದೊಡ್ಡ ನಾಟಕ ಮಾಡಲು ಹೊರಟರು. 1973, 74ರಲ್ಲಿ ಎರಡು ಅಂಕ, ಖಳನಾಯಕ, ರಾಜಕೀಯ ಎಲ್ಲ ಇತ್ತು. ನನಗೆ ಅವು ರುಚಿಸಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಇದ್ದದ್ದನ್ನು ರಂಗದ ಮೇಲೆ ನಿಲ್ಲಿಸಿ ವಿವರಿಸತೊಡಗಿದಾಗ ಜೀವ ಹೋಯಿತು. ಒಳ್ಳೆಯವರೂ ಎಡವುತ್ತಾರೆ, ಹತ್ತು ವರ್ಷ ಎಡವುತ್ತಾರೆ, ಆಮೇಲೂ ಬರೆಯುತ್ತಾರೆ.

ಯಾಕೆಂದರೆ 1982ರಲ್ಲಿ 'ಕಮ್ ಡಾನ್ಸಿಂಗ್' ಬಂತು. ನನ್ನ ಕ್ಯಾಸೆಟ್‌ನಲ್ಲಿ ಇದ್ದದ್ದು ಇದೇ. ಊರಿನ ಡಾನ್ಸ್ ಹಾಲು ಇದ್ದ ಜಾಗದಲ್ಲಿ ಬೌಲಿಂಗ್ ಆಡುವ ಕಟ್ಟಡ ಬಂತು, ಅದು ಹೋಗಿ ಸೂಪರ್‌ಮಾರ್ಕೆಟ್, ಅದೂ ಹೋಗಿ ಈಗ ಕಾರು ನಿಲ್ಲಿಸುವ ಜಾಗ. ಅಲ್ಲಿ ಪ್ರತಿ ಶನಿವಾರ ಅಕ್ಕ ಕುಣಿಯಲು ಹೋಗುತ್ತಿದ್ದಳು. ಕರೆದುಕೊಂಡು ಹೋಗಲು ಬಂದ ಹುಡುಗನನ್ನು ಕಾಯಿಸುತ್ತಿದ್ದಳು. ಹೌದು, ರೆನೆ ನೆನಪಿಗೆ ಬರೆದ ಹಾಡು. ಇಪ್ಪತ್ತೈದು ವರ್ಷ ಆಗಿತ್ತು ಅವಳು ಹೋಗಿ. ಆದರೆ ಹಾಡಿನಲ್ಲಿ ಅಕ್ಕ ಸಾಯುವುದಿಲ್ಲ ತಂಗೀ. ಮದುವೆಯಾಗಿದ್ದಾಳೆ, ದೊಡ್ಡ ದೊಡ್ಡ ಹೆಣ್ಣುಮಕ್ಕಳಿದ್ದಾರೆ, ಅವರು ರಾತ್ರಿ ಹೊರಗೆ ಹೋಗುತ್ತಾರೆ, ಈಗ ಮನೆಯಲ್ಲಿ ಎದ್ದಿದ್ದು ಕಾಯುವ ಸರದಿ ಅವಳದ್ದು. ರೆನೆಗೆ ಸಿಗದೆ ಹೋದ ವಯಸ್ಸನ್ನು ತಮ್ಮ ನಾಲ್ಕು ನಿಮಿಷದಲ್ಲಿ ಕೊಟ್ಟ. ಈ ಕಥೆ ಗೊತ್ತಾದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೀನಿ. ಅದೇ ಹಾಡು 1983ರಲ್ಲಿ, ಬಾಗಿಲು ಹಾಕಿದ್ದ ಅದೇ ಅಮೆರಿಕದಲ್ಲಿ, ಆರನೇ ಸ್ಥಾನಕ್ಕೆ ಹೋಯಿತು.

ರೇಗೆ ಹದಿಮೂರಕ್ಕೆ ಸಿಕ್ಕಿದ್ದನ್ನು ಹೀಗೆ ಬರೆಯಲು ಮೂವತ್ತೆಂಟು ಆಗಬೇಕಾಯಿತು. ನೀನು ಅಜ್ಜಿ ಹೋದ ಆರೇ ತಿಂಗಳಿಗೆ ಬರೆದೆ. ಅದು ತಪ್ಪು ಅನ್ನುತ್ತಿಲ್ಲ. ಆದರೆ ಕೊನೆ ಕಥೆಯಲ್ಲಿ ಅಜ್ಜಿ ತೀರಿಕೊಂಡು, ಮನೆ ಮಾರಿ, ಎಲ್ಲರೂ ಬೆಂಗಳೂರಿಗೆ ಬಂದಿದ್ದನ್ನು ಎರಡೇ ಸಾಲಿನಲ್ಲಿ ಮುಗಿಸಿ ಓಡಿಬಿಟ್ಟಿದ್ದೀಯ. ಅಲ್ಲಿ ನಿಲ್ಲೋಕೆ ನಿನಗೆ ಕಷ್ಟ ಆಗಿದೆ, ನನಗೆ ಅರ್ಥ ಆಗುತ್ತೆ. ಪತ್ತೇದಾರಿ ಬರೆಯುವ ಮುಂಚೆ ಆ ಎರಡು ಸಾಲಿಗೆ ಒಂದು ಸಲ ವಾಪಸ್ ಹೋಗು. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಹೋಗು.

ಮನೆ ಬಿಟ್ಟುಕೊಟ್ಟ ದಿನ ಅಟ್ಟದ ಮೇಲೆ ಇನ್ನೂ ಕಾಯಿ ಇತ್ತಾ? ಇದ್ದರೆ ಯಾರು ಇಳಿಸಿದರು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರಾ? ನನಗೆ ಬರೆದು ಕಳಿಸು.

ನಿನ್ನ ಅಕ್ಕ